ಹುಳುವಿಲ್ಲದ ಬದನೆ ಕುಲಾಂತರಿಯೇ? ನೋಡಿ ಹೇಳಲಾಗದು, ಡಿಎನ್‌ಎ ಹೇಳುತ್ತದೆ

“ಹುಳು ಇಲ್ಲದ ಬದನೆಕಾಯಿ ಬಿಟಿ ಬದನೆ, ತಿನ್ನಬೇಡಿ” ಎಂಬ ಸಂದೇಶ ನಿಮಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಭಾರತದಲ್ಲಿ ಬಿಟಿ ಬದನೆ ಬೆಳೆಯಲು ಅನುಮತಿ ಇಲ್ಲ. ಕಾಯಿಯಲ್ಲಿ ಹುಳು ಕಾಣದಿರಲು ಕೀಟನಾಶಕವೂ ಕಾರಣವಿರಬಹುದು. ಖಚಿತವಾಗಿ ತಿಳಿಯಲು ಪಿಸಿಆರ್ ಪರೀಕ್ಷೆ ಬೇಕು. 2019ರಲ್ಲಿ ಹರಿಯಾಣದ ಫತೇಹಾಬಾದ್‌ನಲ್ಲಿ ಅಕ್ರಮವಾಗಿ ಬೆಳೆದ ಬಿಟಿ ಬದನೆ ಖಚಿತವಾದದ್ದು ಪ್ರಯೋಗಾಲಯದಲ್ಲೇ.

ಹಾಗಾದರೆ ಸುರಕ್ಷತೆ? ಬಿಟಿ ಬದನೆಗೆ ಮಣ್ಣಿನ ಬ್ಯಾಕ್ಟೀರಿಯಾದ ‘ಕ್ರೈ1ಎಸಿ’ ಜೀನ್ ಸೇರಿಸಲಾಗಿದೆ. ಇಂಥ ಬೆಳೆಯಲ್ಲಿ ವಿಜ್ಞಾನಿಗಳು ಮೊದಲು ನೋಡುವುದು ಇವನ್ನು:

• ಹೊಸ ಜೀನ್‌ನ ಎಷ್ಟು ಪ್ರತಿಗಳು ಸೇರಿವೆ, ಎಲ್ಲಿ ಕುಳಿತಿವೆ?
• ಗಿಡದ ಸ್ವಂತ ಜೀನ್ ಏನಾದರೂ ಕೆಟ್ಟಿದೆಯೇ?
• ಹೊಸ ಪ್ರೋಟೀನ್ ಎಷ್ಟು ತಯಾರಾಗುತ್ತಿದೆ? ಅಲರ್ಜಿ ತರುವ ಪ್ರೋಟೀನ್‌ಗಳನ್ನು ಹೋಲುತ್ತದೆಯೇ?
• ಜಠರರಸದಂಥ ದ್ರವದಲ್ಲಿ ಅದು ಬೇಗ ಜೀರ್ಣವಾಗುತ್ತದೆಯೇ?

ಇದು ಮೊದಲ ಹಂತ ಮಾತ್ರ. ಪ್ರಾಣಿಗಳ ಮೇಲಿನ ಪರೀಕ್ಷೆ, ಪೋಷಕಾಂಶಗಳ ಹೋಲಿಕೆ, ಪರಿಸರದ ಅಧ್ಯಯನ ಆಮೇಲಿನವು.

ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಬಿಟಿ ಬದನೆ ತಳಿಗಳನ್ನು ಅಭಿವೃದ್ಧಿಪಡಿಸಿತ್ತು. 2009ರ ಅಕ್ಟೋಬರ್‌ನಲ್ಲಿ ಕೇಂದ್ರದ ತಜ್ಞರ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ನೀಡಿತು. 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಯಿತು. ಮೂರೇ ದಿನಗಳಲ್ಲಿ, ಫೆಬ್ರವರಿ 9ರಂದು, ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅದಕ್ಕೆ ತಡೆ ನೀಡಿದರು. ಸ್ವತಂತ್ರ ಪರೀಕ್ಷೆಗಳು ನಡೆದು ದೀರ್ಘಕಾಲದ ಸುರಕ್ಷತೆ ಖಾತ್ರಿಯಾಗಲಿ ಎಂಬುದು ಅವರ ನಿಲುವಾಗಿತ್ತು. ವಿಷವೆಂದು ಸಾಬೀತಾಗಿ ನಿಂತದ್ದಲ್ಲ. ಪ್ರಶ್ನೆ ಇದ್ದದ್ದು ಪರೀಕ್ಷೆ ಸಾಕೇ, ಅದನ್ನು ಮಾಡಿದವರು ಯಾರು ಎಂಬುದರ ಮೇಲೆ.

ಹಾಗಾಗಿ “ಕುಲಾಂತರಿ ಎಲ್ಲವೂ ವಿಷ”, “ಎಲ್ಲವೂ ಸುರಕ್ಷಿತ” ಎರಡೂ ಸರಿಯಲ್ಲ. ಪ್ರತಿ ಬೆಳೆಯನ್ನೂ ಬೇರೆಯಾಗಿಯೇ ಪರೀಕ್ಷಿಸಬೇಕು. ಇಂಥ ಮೆಸೇಜ್ ಬಂದಾಗ ಯಾವ ಬೆಳೆ, ಯಾವ ಜೀನ್, ಪರೀಕ್ಷಿಸಿದವರು ಯಾರು ಎಂದು ಕೇಳಿ.