ಕೊಟ್ಟಿಗೆಯಲ್ಲಿ ಚುಚ್ಚುಮದ್ದು: ಸೂಜಿ ಹಿಡಿಯುವ ಮುನ್ನ

ಗೊಟ್ಟದಲ್ಲಿ ಕುಡಿಸಿದ ಮದ್ದು ದನದ ದೊಡ್ಡ ಹೊಟ್ಟೆಯಲ್ಲಿ ಬೆರೆತು ರಕ್ತ ಸೇರಲು ಹೊತ್ತು ಹಿಡಿಯುತ್ತದೆ. ಕೆಲವು ಔಷಧಗಳು ಅಲ್ಲೇ ಸತ್ವ ಕಳೆದುಕೊಳ್ಳುತ್ತವೆ. ಚುಚ್ಚುಮದ್ದು ಆ ದಾರಿಯನ್ನು ಬಿಟ್ಟು ನೇರವಾಗಿ ಮೈ ಸೇರುತ್ತದೆ. ಅದರ ಬಲವೂ ಅದೇ, ಅಪಾಯವೂ ಅದೇ. ಸೂಜಿಗೆ ಅಂಟಿದ ಕೊಳೆ, ಲೆಕ್ಕ ತಪ್ಪಿದ ಪ್ರಮಾಣ, ಬೇಡದ ಔಷಧ ಎಲ್ಲವೂ ಅಷ್ಟೇ ನೇರವಾಗಿ ಒಳಗೆ ಹೋಗುತ್ತವೆ. ಹೋದದ್ದನ್ನು ಮತ್ತೆ ಹೊರತೆಗೆಯಲು ಬರುವುದಿಲ್ಲ.

ಆರೋಗ್ಯವಾಗಿರುವ ರಾಸಿಗೂ ಸೂಜಿ ತಪ್ಪಿದ್ದಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ದನ, ಎಮ್ಮೆಗಳಿಗೆ 6 ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ ಹಾಕಲಾಗುತ್ತದೆ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಮ್ಮೆ ಬ್ರುಸೆಲ್ಲಾ ಲಸಿಕೆ. ಕುರಿಗಳಿಗೆ ಮಳೆಗಾಲಕ್ಕೆ ಮುಂಚೆ ಕರುಳುಬೇನೆಯ ಲಸಿಕೆ.

ಕಾಯಿಲೆ ಬಿದ್ದಾಗಿನ ಮಾತು ಬೇರೆ. ಯಾವ ರೋಗ, ಯಾವ ಔಷಧ ಎಂದು ತೀರ್ಮಾನಿಸುವುದು ನೋಂದಾಯಿತ ಪಶುವೈದ್ಯರ ಕೆಲಸ. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯ್ದೆ ಇದನ್ನು ಸ್ಪಷ್ಟಪಡಿಸಿದೆ. ಮುಂದುವರಿದ ಚಿಕಿತ್ಸೆಯಲ್ಲಿ ವೈದ್ಯರು ಹೇಳಿಕೊಟ್ಟ ಸೂಜಿಯನ್ನು ಸಾಕಿದವರೇ ಹಾಕುವ ಸಂದರ್ಭಗಳೂ ಇವೆ. ಕೆಳಗಿನ ವಿವರ ಅಂಥವರಿಗೂ, ಸೂಜಿ ಹಾಕುವಾಗ ರಾಸನ್ನು ಹಿಡಿದು ನಿಲ್ಲುವವರಿಗೂ ಬೇಕಾದದ್ದು.

ಔಷಧ ಮತ್ತು ಸೂಜಿ

ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಬಿಸಿಲಿಗೆ ಬಿದ್ದದ್ದು ಹೇಗೆ ಕೆಡುತ್ತದೋ ಕಾಲುಬಾಯಿ ಲಸಿಕೆ ಹೆಪ್ಪುಗಟ್ಟಿದರೂ ಹಾಗೆಯೇ ಕೆಡುತ್ತದೆ. ಆದ್ದರಿಂದ ಅದನ್ನು ಫ್ರಿಜ್ಜಿನ ಮಂಜುಪೆಟ್ಟಿಗೆಯಲ್ಲಿ ಇಡಬಾರದು. ಬಾಟಲಿಯ ಮೇಲೆ ಅವಧಿ ಮುಗಿಯುವ ದಿನಾಂಕ, ಪ್ರಮಾಣ, ಹಾಕಬೇಕಾದ ಜಾಗ ಮೂರನ್ನೂ ಓದಬೇಕು. ವೈದ್ಯರು ಹೇಳದೆ ಎರಡು ಔಷಧಗಳನ್ನು ಒಂದೇ ಸಿರಿಂಜಿನಲ್ಲಿ ಬೆರೆಸಬಾರದು. ದನದ ಮೈಗೆ ಚುಚ್ಚಿದ ಸೂಜಿಯನ್ನು ಮತ್ತೆ ಬಾಟಲಿಗೆ ಚುಚ್ಚಿದರೆ ಉಳಿದ ಔಷಧವೆಲ್ಲ ಮಲಿನವಾಗುತ್ತದೆ. ಬಾಟಲಿಯಿಂದ ಎಳೆದುಕೊಳ್ಳಲು ಬೇರೆಯೇ ಸೂಜಿ ಇರಲಿ.

ಸೂಜಿಯ ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ತೆಳ್ಳಗಿರುತ್ತದೆ. ಬೆಳೆದ ದನಗಳಿಗೆ ಸಾಮಾನ್ಯವಾಗಿ 16ರಿಂದ 18 ಗೇಜ್, ಕುರಿ ಮೇಕೆಗಳಿಗೆ 20 ಗೇಜ್ ಸಾಕಾಗುತ್ತದೆ. ಒಂದು ರಾಸಿಗೆ ಒಂದು ಸೂಜಿ ಎಂಬ ನಿಯಮದಲ್ಲಿ ರಾಜಿ ಬೇಡ. ಥೈಲೇರಿಯಾ, ಅನಾಪ್ಲಾಸ್ಮಾದಂಥ ರಕ್ತದ ಸೋಂಕುಗಳು ಬಳಸಿದ ಸೂಜಿಯ ತುದಿಯಲ್ಲಿ ಉಳಿದ ಹನಿ ರಕ್ತದಿಂದಲೂ ದಾಟಬಲ್ಲವು. ಒಂದೇ ಸೂಜಿಯಲ್ಲಿ ಹಟ್ಟಿಯ ಎಲ್ಲ ದನಗಳಿಗೂ ಲಸಿಕೆ ಹಾಕಿದರೆ ರಕ್ಷಣೆಯ ಜೊತೆಗೆ ರೋಗವನ್ನೂ ಹಂಚಿದಂತಾಗುತ್ತದೆ.

ಎಲ್ಲಿ, ಹೇಗೆ

ರಾಸು ಅಲುಗದಂತೆ ಕಟ್ಟುವುದು ಮೊದಲ ಕೆಲಸ. ಮೂಗುದಾರ ಬಿಗಿಹಿಡಿದು ತಲೆಯನ್ನು ಕಂಬಕ್ಕೆ ಗಿಡ್ಡವಾಗಿ ಕಟ್ಟಬೇಕು. ಪಶು ಆಸ್ಪತ್ರೆಯಲ್ಲಾದರೆ ಕಂಬಗಳ ಚೌಕಟ್ಟು ಇರುತ್ತದೆ. ಹಿಂಗಾಲಿನ ನೇರಕ್ಕೆ ಯಾರೂ ನಿಲ್ಲಬಾರದು. ಸೂಜಿ ಮುರಿಯುವುದು, ಮನುಷ್ಯರ ಕೈಗೆ ಚುಚ್ಚಿಕೊಳ್ಳುವುದು ಬಹಳ ಮಟ್ಟಿಗೆ ರಾಸು ಕೊಸರಿದಾಗಲೇ.

ಮಾಂಸಖಂಡಕ್ಕೆ ಕೊಡುವ ಚುಚ್ಚುಮದ್ದಿಗೆ ಕತ್ತಿನ ಪಕ್ಕವೇ ಒಳ್ಳೆಯ ಜಾಗ. ಕತ್ತಿನ ಮೇಲಂಚಿನ ದಪ್ಪ ನಾರಿನ ಕೆಳಗೆ, ಕತ್ತಿನ ಮೂಳೆಗಳ ಮೇಲೆ, ಹೆಗಲಿನ ಮುಂದೆ ಒಂದು ತ್ರಿಕೋನ ಸಿಗುತ್ತದೆ. ತೊಡೆ, ಪಿರ್ರೆಗೆ ಚುಚ್ಚುವ ರೂಢಿ ಇದ್ದರೂ ಅಲ್ಲಿ ಕಾಲಿನ ದೊಡ್ಡ ನರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ರಾಸು ಕುಂಟಬಹುದು. ಎಳೆಗರು, ಬಡಕಲು ರಾಸುಗಳಲ್ಲಿ ಈ ಅಪಾಯ ಹೆಚ್ಚು.

ಚುಚ್ಚುವ ಜಾಗದ ಸಗಣಿ, ಮಣ್ಣನ್ನು ಒರೆಸಿ ಒಣಗಿಸಬೇಕು. ಆ ಜಾಗವನ್ನು ಅಂಗೈಯಿಂದ ಎರಡು ಮೂರು ಸಲ ತಟ್ಟಿ, ಸಿರಿಂಜಿನಿಂದ ಬಿಡಿಸಿದ ಸೂಜಿಯನ್ನು ಒಂದೇ ಬಾರಿಗೆ ನೇರವಾಗಿ ಒಳಗೆ ಇಳಿಸುತ್ತಾರೆ. ರಾಸು ಸುಮ್ಮನಾದ ಮೇಲೆ ಸಿರಿಂಜನ್ನು ಸಿಕ್ಕಿಸಿ ದಂಡವನ್ನು ಸ್ವಲ್ಪ ಹಿಂದಕ್ಕೆ ಎಳೆದು ನೋಡುತ್ತಾರೆ. ರಕ್ತ ಬಂದರೆ ಸೂಜಿ ರಕ್ತನಾಳ ಹೊಕ್ಕಿದೆ ಎಂದರ್ಥ. ಹೊರತೆಗೆದು ಜಾಗ ಬದಲಿಸಬೇಕು. ಬಾರದಿದ್ದರೆ ನಿಧಾನವಾಗಿ ಔಷಧ ತಳ್ಳಬೇಕು. ದೊಡ್ಡ ರಾಸಿಗೂ ಒಂದು ಜಾಗಕ್ಕೆ 10 ಮಿಲಿಲೀಟರಿಗಿಂತ ಹೆಚ್ಚು ಬೇಡ. ಹೆಚ್ಚಿದ್ದರೆ ಗೇಣಿನ ಅರ್ಧದಷ್ಟಾದರೂ ದೂರದಲ್ಲಿ ಇನ್ನೊಂದು ಜಾಗ ನೋಡಬೇಕು.

ಕರುಳುಬೇನೆ, ಬ್ರುಸೆಲ್ಲಾ ಲಸಿಕೆಗಳು ಚರ್ಮದ ಕೆಳಗೆ ಹೋಗಬೇಕಾದವು. ಕತ್ತಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಆ ಮಡಿಕೆಯ ಬುಡಕ್ಕೆ ಸೂಜಿಯನ್ನು ಓರೆಯಾಗಿ ತೂರಿಸಬೇಕು.

ರಕ್ತನಾಳಕ್ಕೆ ಕೊಡುವುದು ಮಾತ್ರ ವೈದ್ಯರಿಗೇ ಬಿಡಬೇಕಾದ ಕೆಲಸ. ಕರು ಹಾಕಿದ ಒಂದೆರಡು ದಿನದಲ್ಲಿ ಹಾಲುಜ್ವರ ಬಂದ ಹಸು ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ನೆಲ ಹಿಡಿಯುತ್ತದೆ. ಆಗ ಕೊಡುವ ಕ್ಯಾಲ್ಸಿಯಂ ಬಾಟಲಿ ಕಣ್ಣೆದುರೇ ಹಸುವನ್ನು ಎಬ್ಬಿಸಬಲ್ಲದು. ಆದರೆ ಅವಸರದಲ್ಲಿ ಹರಿಸಿದರೆ ಅದೇ ಕ್ಯಾಲ್ಸಿಯಂ ಹೃದಯವನ್ನು ನಿಲ್ಲಿಸುತ್ತದೆ. ವೈದ್ಯರು ಬಾಟಲಿಯನ್ನು ಮೈಬಿಸಿಗೆ ತಂದು, ಎದೆಬಡಿತ ಆಲಿಸುತ್ತ 10ರಿಂದ 20 ನಿಮಿಷ ತೆಗೆದುಕೊಳ್ಳುವುದು ಇದಕ್ಕಾಗಿ. ಬೇಗ ಮುಗಿಸಿ ಎಂದು ಅವರನ್ನು ಯಾರೂ ಅವಸರಪಡಿಸಬಾರದು.

ಆಮೇಲಿನ ಎಚ್ಚರ

ಸೂಜಿ ಹಾಕಿದ ಅರ್ಧ ಗಂಟೆ ರಾಸಿನ ಬಳಿ ಯಾರಾದರೂ ಇರಬೇಕು. ಮೈನಡುಕ, ಏದುಸಿರು, ಜೊಲ್ಲು, ರೆಪ್ಪೆಗಳ ಊತ, ಕುಸಿದು ಬೀಳುವುದು ಕಂಡರೆ ಅದು ಔಷಧ ಒಗ್ಗದಿರುವ ಲಕ್ಷಣ. ತಡಮಾಡದೆ ವೈದ್ಯರನ್ನು ಕರೆಯಬೇಕು. ಕರ್ನಾಟಕದಲ್ಲಿ ಪಶು ಸಂಜೀವಿನಿ ಸೇವೆಯ ಸಂಖ್ಯೆ 1962. ಸೂಜಿ ಒಳಗೇ ಮುರಿದರೆ ಆ ಜಾಗಕ್ಕೆ ಗುರುತು ಹಾಕಿ ರಾಸನ್ನು ಕಟ್ಟಿಯೇ ಇಟ್ಟುಕೊಳ್ಳಬೇಕು. ಲಸಿಕೆಯ ನಂತರ ಸಣ್ಣ ಗಂಟು, ಒಂದೆರಡು ದಿನ ಹಾಲು ಇಳಿಯುವುದು ಸಹಜ. ಇದಕ್ಕೆ ಹೆದರಿ ಲಸಿಕೆಯನ್ನೇ ಬಿಟ್ಟರೆ ಕಾಲುಬಾಯಿ ಜ್ವರದಲ್ಲಿ ಆಗುವ ನಷ್ಟ ಅದಕ್ಕಿಂತ ಎಷ್ಟೋ ದೊಡ್ಡದು.

ಮನುಷ್ಯರ ಕೈಗೆ ಸೂಜಿ ಚುಚ್ಚಿದರೆ ಸೋಪು ನೀರಿನಿಂದ ತೊಳೆದು, ಔಷಧದ ಬಾಟಲಿಯೊಂದಿಗೆ ಆಸ್ಪತ್ರೆಗೆ ಹೋಗಬೇಕು. ಎಣ್ಣೆ ಬೆರೆತ ಲಸಿಕೆ ಬೆರಳು ಹೊಕ್ಕರೆ ಊದಿಕೊಂಡು ಬೆರಳಿಗೇ ಕುತ್ತು ಬರಬಹುದು. ಬ್ರುಸೆಲ್ಲಾ ಲಸಿಕೆಯಲ್ಲಿ ಜೀವಂತ ರೋಗಾಣು ಇರುವುದರಿಂದ ಅದು ಮನುಷ್ಯರಿಗೂ ಆ ರೋಗ ತರಬಲ್ಲದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕದೆ, ತಿಪ್ಪೆಗೂ ಎಸೆಯದೆ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಪಶು ಆಸ್ಪತ್ರೆಗೆ ಒಪ್ಪಿಸಬೇಕು.

ಆ್ಯಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲಿನಲ್ಲಿ ಔಷಧದ ಅಂಶ ಕೆಲವು ದಿನ ಉಳಿಯುತ್ತದೆ. ಎಷ್ಟು ದಿನ ಆ ಹಾಲು ಬಳಸಬಾರದು ಎಂಬುದು ಲೇಬಲ್ಲಿನಲ್ಲಿರುತ್ತದೆ. ಪರೀಕ್ಷಿಸಿ ನಿಗದಿಪಡಿಸಿದ ಅವಧಿ ಇಲ್ಲದ ಔಷಧಗಳಿಗೆ ಭಾರತದ ನಿಯಮ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ ಎನ್ನುತ್ತದೆ. ಅಷ್ಟು ದಿನ ಆ ಹಾಲನ್ನು ಡೈರಿಗೆ ಹಾಕುವಂತಿಲ್ಲ, ಮನೆಯ ಮಕ್ಕಳಿಗೂ ಕೊಡುವಂತಿಲ್ಲ. ಯಾವ ರಾಸಿಗೆ, ಯಾವ ದಿನ, ಯಾವ ಔಷಧ, ಎಷ್ಟು, ಎಲ್ಲಿ ಹಾಕಿದ್ದು ಎಂದು ಬರೆದಿಟ್ಟರೆ ಈ ಲೆಕ್ಕ ತಪ್ಪುವುದಿಲ್ಲ. ಮುಂದೆ ಬರುವ ವೈದ್ಯರಿಗೂ ಅದರಿಂದ ದಾರಿ ಸಿಗುತ್ತದೆ.