ಮಂಗಳೂರಿನಿಂದ ಒಂದೇ ದಿನದಲ್ಲಿ ಹತ್ತಿ ಬರುವ ಗುಡ್ಡಗಳು: ಹೊರಡುವ ಮುಂಚೆ ಕಲ್ಲು ಯಾವುದು ನೋಡ್ರಿ

ಕುಕನೂರು: ಮಂಗಳೂರು ಅಂದ ಕೂಡಲೇ ಹೊರಗಿನವರಿಗೆ ಕಡಲು ನೆನಪಾಗುತ್ತದೆ. ನಮ್ಮ ಮಂಗಳೂರಿನಲ್ಲಿ ಕಣ್ಣು ಹಾಯಿಸಿದಷ್ಟು ದೂರ ಎರೆಹೊಲ, ಜೋಳ, ಕಡಲೆ. ಗುಡ್ಡ ಹತ್ತಬೇಕಾದರೆ ಗಾಡಿ ತೆಗೆಯಲೇಬೇಕು. ಬೆಳಿಗ್ಗೆ ಹೊರಟು ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವಂತಹ ಗುಡ್ಡಗಳು ಸುತ್ತಮುತ್ತ ಸಾಕಷ್ಟಿವೆ. ಆದರೆ ಯಾವ ಗುಡ್ಡಕ್ಕೆ ಯಾವಾಗ ಹೋಗಬೇಕು ಅನ್ನುವ ಲೆಕ್ಕ ತಪ್ಪಿದರೆ ಬಿಸಿಲಿಗೆ ಬಿದ್ದು ಒದ್ದಾಡಬೇಕಾಗುತ್ತದೆ.

ಲೆಕ್ಕ ಸರಳ ಐತಿ. ನಮ್ಮ ಸುತ್ತ ಎರಡು ನಮೂನೆ ಕಲ್ಲಿನ ಗುಡ್ಡಗಳಿವೆ. ಕೊಪ್ಪಳ, ಗಂಗಾವತಿ ಕಡೆ ಗ್ರಾನೈಟ್ ಜಾತಿಯ ಗುಂಡುಕಲ್ಲು. ಗಜೇಂದ್ರಗಡ, ಹನುಮಸಾಗರ ಕಡೆ ಕೆಂಪು ಮರಳುಗಲ್ಲು, ಅಂದರೆ ಉಸುಕಿನ ಕಲ್ಲು. ಗುಂಡುಕಲ್ಲು ನೀರು ಹೀರುವುದಿಲ್ಲ, ಬಿಸಿಲು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಹತ್ತು ಗಂಟೆ ದಾಟಿದರೆ ಹಂಚಿನಂತೆ ಕಾಯುತ್ತದೆ, ಸಂಜೆಯಾದರೂ ಆರುವುದಿಲ್ಲ. ಉಸುಕಿನ ಕಲ್ಲಿನ ಬಿರುಕುಗಳಲ್ಲಿ ಮಳೆ ನೀರು ಇಳಿದು ನಿಧಾನವಾಗಿ ಹೊರಗೆ ಜಿನುಗುತ್ತದೆ. ಹೀಗಾಗಿ ಆ ಕಡೆ ಒರತೆ, ಜಲಪಾತ ಕಾಣಸಿಗುತ್ತವೆ.

ಉಸುಕಿನ ಕಲ್ಲಿನ ಗುಡ್ಡ: ಮಳೆಗಾಲ ಮುಗಿಯುವ ಹೊತ್ತಿಗೆ

ಗಜೇಂದ್ರಗಡದ ಕಾಲಕಾಲೇಶ್ವರ: ಯಲಬುರ್ಗಾ ಮೇಲೆ ಹಾಯ್ದು ಗದಗ ಜಿಲ್ಲೆಗೆ ಕಾಲಿಟ್ಟರೆ ಸಿಗುವ ಸ್ಥಳ. ಗುಡ್ಡದ ಮಗ್ಗುಲಲ್ಲಿ ಗುಡಿ, ಹತ್ತಲು ಮೆಟ್ಟಿಲು. ಇಲ್ಲಿನ ಅಂತರಗಂಗೆಯಲ್ಲಿ ಮರದ ಬೇರಿನ ಸಂದಿಯಿಂದ ನೀರು ಬೀಳುತ್ತದೆ, ಬೇಸಿಗೆಯಲ್ಲೂ ನಿಲ್ಲುವುದಿಲ್ಲ. ವಯಸ್ಸಾದವರು, ಚಿಕ್ಕ ಮಕ್ಕಳು ಇರುವ ಮನೆಯವರು ಮೊದಲ ಸಲ ಹೋಗಲು ಇದೇ ಬೇಷ್.

ಕಬ್ಬರಗಿಯ ಕಪಿಲತೀರ್ಥ: ಕುಷ್ಟಗಿ ತಾಲ್ಲೂಕಿನ ಹನುಮಸಾಗರ ಭಾಗದಲ್ಲಿದೆ. ಮಳೆ ಬಂದಾಗ ಮಾತ್ರ ಬೀಳುವ ನೀರು, ಬೇಸಿಗೆಯಲ್ಲಿ ಹೋದರೆ ಒಣ ಬಂಡೆ ನೋಡಿ ಬರಬೇಕು. ಒಳ್ಳೆ ಮಳೆಯಾದ ಎರಡು ದಿನಕ್ಕೆ ಹೋಗ್ರಿ. ಮಳೆ ಸುರಿಯುವಾಗ ಮಾತ್ರ ಬೇಡ; ಮೇಲಿನ ಹಳ್ಳಕ್ಕೆ ನೀರು ಯಾವಾಗ ಏರುತ್ತದೆ ಅನ್ನುವುದು ಕೆಳಗೆ ನಿಂತವರಿಗೆ ಗೊತ್ತಾಗುವುದಿಲ್ಲ. ಪಾಚಿ ಕಟ್ಟಿದ ಬಂಡೆ ಮೇಲೆ ಹತ್ತುವುದು, ಅಂಚಿನಲ್ಲಿ ನಿಂತು ಸೆಲ್ಫಿ ತೆಗೆಯುವುದು ಎರಡೂ ಕೆಟ್ಟದ್ದು. ಈ ಕಲ್ಲು ಅಂಚಿನಲ್ಲಿ ಪದರು ಪದರಾಗಿ ಕಳಚುತ್ತದೆ.

ಗುಂಡುಕಲ್ಲಿನ ಗುಡ್ಡ: ಚಳಿಗಾಲ, ಅದೂ ಮುಂಜಾನೆ

ಕೊಪ್ಪಳ: ಭಾನಾಪುರದಲ್ಲಿ ಹೆದ್ದಾರಿ ಹಿಡಿದರೆ ದಾರಿ ಸಲೀಸು. ಗವಿಮಠದ ಗುಡ್ಡದಲ್ಲೂ ಪಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನವು, ಬೆಳಕಿಗೆ ಬಂದದ್ದು 1931ರಲ್ಲಿ. ಪಲ್ಕಿಗುಂಡಿನಲ್ಲಿ ಎರಡು ಬಂಡೆ ಮೇಲೆ ಇನ್ನೊಂದು ಬಂಡೆ ಪಲ್ಲಕ್ಕಿಯ ಚಾವಣಿಯಂತೆ ಕೂತಿದೆ. ಹೆಸರು ಬಂದದ್ದು ಅದರಿಂದಲೇ. ಇಲ್ಲಿಗೆ ದಾರಿ ಬಲ್ಲವರ ಜತೆ ಹತ್ತುವುದು ಒಳ್ಳೆಯದು. ಪಕ್ಕದ ಕೋಟೆ 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಹೋರಾಡಿ ಪ್ರಾಣ ಬಿಟ್ಟ ಜಾಗ. ಗವಿಸಿದ್ಧೇಶ್ವರ ಜಾತ್ರೆ ದಿನಗಳಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗದು, ಗುಡ್ಡ ಹತ್ತುವವರು ಆ ವಾರ ಬಿಟ್ಟುಬಿಡ್ರಿ.

ಹಿರೇಬೆಣಕಲ್: ಗಂಗಾವತಿಯಿಂದ ಸುಮಾರು 10 ಕಿ.ಮೀ. ಊರಿನಿಂದ ಕಾಲುದಾರಿಯಲ್ಲಿ ಮೋರೇರ ಗುಡ್ಡ ಏರಬೇಕು. ಮೇಲೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಶಿಲಾಸಮಾಧಿಗಳು. ಎದುರಿನ ಚಪ್ಪಡಿಗೆ ದುಂಡನೆಯ ಕಿಂಡಿ. ಗಿಡ್ಡ ಜನ ವಾಸವಿದ್ದ ಮನೆಗಳು ಅಂತ ಹಿರಿಯರು ಹೇಳುತ್ತ ಬಂದಿದ್ದಾರೆ. ನಿಜಕ್ಕೂ ಇವು ಬೃಹತ್ ಶಿಲಾಯುಗದವರು ಸತ್ತವರ ನೆನಪಿಗೆ ಕಟ್ಟಿದ್ದು, ಎರಡು ಸಾವಿರ ವರ್ಷಕ್ಕೂ ಹಳೆಯವು. ಕಲ್ಲು ಕಿತ್ತ ಜಾಗದಲ್ಲೇ ಕೆರೆಯಾಗಿದೆ. ಬಾರಿಸಿದರೆ ನಗಾರಿಯಂತೆ ದನಿ ಕೊಡುವ ದೊಡ್ಡ ಗುಂಡೂ ಇದೆ. 2021ರಲ್ಲಿ ಈ ಜಾಗ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿತು.

ಇಷ್ಟಾದರೂ ಎಷ್ಟೋ ಸಮಾಧಿಗಳ ಚಪ್ಪಡಿ ಮುರಿದು ಬಿದ್ದಿವೆ. ಕೆಲವು ತಾವಾಗಿ ಬಿದ್ದವು, ಕೆಲವನ್ನು ನಿಧಿ ಆಸೆಗೆ ಕೆಡವಿದರು. ಸಮಾಧಿಯೊಳಗೆ ಬಂಗಾರ ಇರುತ್ತದೆ ಅನ್ನುವುದು ಬರೀ ಭ್ರಮೆ. ಒಂದು ಚಪ್ಪಡಿ ಬಿದ್ದರೆ ಮತ್ತೆ ಅದೇ ಜಾಗದಲ್ಲಿ ನಿಲ್ಲಿಸುವವರು ಯಾರೂ ಇಲ್ಲ. ಮಕ್ಕಳನ್ನು ಮೇಲೆ ಕೂರಿಸಿ ಫೋಟೊ ತೆಗೆಯಬೇಡ್ರಿ, ಹೆಸರು ಗೀಚಬೇಡ್ರಿ.

ಅಂಜನಾದ್ರಿ: ಆನೆಗೊಂದಿ ಹತ್ತಿರ, 575 ಮೆಟ್ಟಿಲು. ಶನಿವಾರ ಗದ್ದಲ ಜಾಸ್ತಿ. ಮೇಲೆ ನಿಂತರೆ ತುಂಗಭದ್ರೆ, ಭತ್ತದ ಗದ್ದೆ, ಹಂಪಿ ಕಡೆಯ ಗುಡ್ಡ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ.

ಹೊತ್ತು, ನೀರು, ಜೊತೆ

ಗುಂಡುಕಲ್ಲಿನ ಗುಡ್ಡವಾದರೆ ಸೂರ್ಯ ಹುಟ್ಟುವಾಗ ಬುಡದಲ್ಲಿರಬೇಕು, ಹತ್ತು ಗಂಟೆಗೆ ಇಳಿದಿರಬೇಕು. ತೀರಾ ನಸುಕಿನಲ್ಲಿ, ಸಂಜೆಗತ್ತಲಲ್ಲಿ ಬೇಡ. ಬಂಡೆ ಸಂದಿಯ ಗವಿಗಳಲ್ಲಿ ಕರಡಿ, ಚಿರತೆ ಇರುತ್ತವೆ. 2020ರ ಕೊನೆಗೆ ಆನೆಗೊಂದಿ ಭಾಗದಲ್ಲಿ ಚಿರತೆ ದಾಳಿಗೆ ಜೀವ ಹೋಗಿದೆ. ಗುಂಪಾಗಿ, ಮಾತಾಡುತ್ತ ನಡೀರಿ, ಗವಿಯೊಳಗೆ ಇಣುಕಬೇಡ್ರಿ.

ಒಬ್ಬರಿಗೆ ಕನಿಷ್ಠ ಎರಡು ಲೀಟರ್ ನೀರು. ಮೇಲೆ ಕೆರೆ, ಹೊಂಡ ಇದ್ದರೂ ಅದನ್ನು ಕುಡಿಯುವ ನೀರು ಅಂತ ನಂಬಬೇಡ್ರಿ. ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ ಸಾಕು. ತಲೆಗೆ ಟವೆಲ್ಲು, ಕಾಲಿಗೆ ಹಿಡಿತದ ಬೂಟು ಇರಲಿ. ಹವಾಯಿ ಚಪ್ಪಲಿ ಜಾರುತ್ತದೆ. ಗುಡ್ಡದ ಹಿಂದೆ ಫೋನ್ ಸಿಗ್ನಲ್ ಹೋಗುವುದುಂಟು, ಹೊರಡುವ ಮುಂಚೆ ಎಲ್ಲಿಗೆ, ಎಷ್ಟೊತ್ತಿಗೆ ವಾಪಸ್ ಅನ್ನುವುದನ್ನು ಮನೆಯಲ್ಲಿ ಹೇಳಿರ್ರಿ. ತುರ್ತಿಗೆ 112.

ಮಾರ್ಚ್‌ನಿಂದ ಮೇವರೆಗೆ ಗುಂಡುಕಲ್ಲಿನ ಕಡೆ ಹೋಗುವುದನ್ನು ಕೈಬಿಡುವುದೇ ಲೇಸು. ಆ ದಿನಗಳಲ್ಲಿ ಮನೆಮಂದಿ ಹೊರಗೆ ಹೋಗೋಣ ಅಂದರೆ ಹತ್ತಿರದ ಇಟಗಿ ಇದ್ದೇ ಇದೆ. 1112ರ ಮಹಾದೇವ ದೇಗುಲ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದದ್ದು. ಅಲ್ಲಿ ಹತ್ತುವ ಕೆಲಸವೂ ಇಲ್ಲ, ಒಳಗೆ ಕಾಲಿಟ್ಟರೆ ನೆರಳು.

ಎತ್ತಿಗೆ ಸೋಮವಾರ ಬಿಡುವು ಕೊಡುವ ಜನ ನಾವು. ಸುಗ್ಗಿ ಶುರುವಾಗುವ ಮುಂಚೆ ಒಂದು ದಿನ ಅಂಗಡಿ ಬಾಗಿಲು ಹಾಕಿ, ಮಕ್ಕಳನ್ನು ಕರ್ಕೊಂಡು ಹೋಗಿ ಬರ್ರಿ. ಒಯ್ದ ಪ್ಲಾಸ್ಟಿಕ್ ಬಾಟಲಿ ಖಾಲಿ ಆದಮೇಲೂ ವಾಪಸ್ ತರುವುದನ್ನು ಮರೀಬೇಡ್ರಿ.