ಗೋಡೆ ಒಡೆಯುವ ಮೊದಲು ಯಾರನ್ನು ಕೇಳಬೇಕು?



ಸಂಘದ ಸಾಲದ ಅರ್ಜಿಗಳಲ್ಲಿ ಎಮ್ಮೆ, ಹೊಲಿಗೆ ಯಂತ್ರದ ಜೊತೆ "ಮನೆ ರಿಪೇರಿ" ಎಂದೂ ಬರುತ್ತದೆ. ಮನ್ನಾಏಖೇಳ್ಳಿಯಂಥ ಹೆದ್ದಾರಿ ಊರಿನಲ್ಲಿ ರಿಪೇರಿ ಅಂದರೆ ರಸ್ತೆ ಕಡೆಯ ಗೋಡೆ ಒಡೆದು ಅಂಗಡಿಗೆ ಶಟರ್ ಕೂಡಿಸುವುದು, ಇಲ್ಲವೇ ಮಣ್ಣಿನ ಮಾಳಿಗೆ ಇಳಿಸಿ ಸ್ಲ್ಯಾಬ್ ಹಾಕುವುದು. "ಇಂಜಿನಿಯರಿಗೆ ತೋರಿಸಿದ್ರೇನಮ್ಮಾ?" ಎಂದು ಕೇಳಿದರೆ "ಗೌಂಡಿಗೆ ಎಲ್ಲಾ ಗೊತ್ತದ ಸಿಸ್ಟರ್" ಎನ್ನುತ್ತೀರಿ. ಗೌಂಡಿಗೆ ಕಟ್ಟುವುದು ಗೊತ್ತು, ಒಪ್ಪಿದೆವು. ಆದರೆ ಕಟ್ಟಿದ್ದನ್ನು ಬದಲಿಸಿದಾಗ ಯಾವ ಭಾರ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕವೇ ಬೇರೆ.

ಕಿಲ್ಲಾರಿ ಭೂಕಂಪವನ್ನು ನಮ್ಮ ಭಾಗದ ಹಿರಿಯರು ಮರೆತಿಲ್ಲ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಸ್ವಲ್ಪ ಮುಂಚೆ. ಭೂಕಂಪದ ಭಯ ಅತಿ ಕಡಿಮೆ ಎಂದು ಆಗಿನ ನಕ್ಷೆಯಲ್ಲಿ ಗುರುತಿಸಿದ್ದ ಪ್ರದೇಶ ಅದು. ಸಾವಿರಾರು ಜನ ಮಲಗಿದಲ್ಲೇ ಸತ್ತರು. ಅಲ್ಲಿದ್ದವೂ ನಮ್ಮಂಥವೇ ಮನೆಗಳು: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ದಪ್ಪ ಗೋಡೆ ಗಟ್ಟಿ ಎಂದುಕೊಳ್ಳುತ್ತೇವೆ. ನಿಜವಾಗಿ ಅದು ಒಳಮುಖ, ಹೊರಮುಖ ಎಂಬ ಎರಡು ಗೋಡೆ, ನಡುವೆ ಚೂರುಕಲ್ಲು. ಈ ಮುಖದಿಂದ ಆ ಮುಖಕ್ಕೆ ಮುಟ್ಟುವ ಉದ್ದ ಕಲ್ಲು ಇಲ್ಲದಿದ್ದರೆ ಅಲುಗಿದಾಗ ಎರಡೂ ಬೇರೆಯಾಗಿ ಉದುರುತ್ತವೆ.

ಮಾಳಿಗೆಯ ತೂಕ ನೀವೇ ಲೆಕ್ಕ ಹಾಕಿ. ಒಂದು ಘನ ಅಡಿ ಮಣ್ಣು ಸುಮಾರು 45 ಕಿಲೋ. 10 ಅಡಿಗೆ 12 ಅಡಿ ಕೋಣೆಯ ಮೇಲೆ ಒಂದು ಅಡಿ ಮಣ್ಣಿದ್ದರೆ 5,400 ಕಿಲೋ! ಮಳೆ ನೆನೆದರೆ ಇನ್ನೂ ಹೆಚ್ಚು. ಐದು ಇಂಚಿನ ಸ್ಲ್ಯಾಬ್ ಇದಕ್ಕಿಂತ ಹಗುರವೇ. ಹಾಗಾದರೆ ತೊಂದರೆ ಏನು? ಹಳೆಯ ಎಷ್ಟೋ ಮನೆಗಳಲ್ಲಿ ಮಾಳಿಗೆಯನ್ನು ಹೊತ್ತಿರುವುದು ಮರದ ಕಂಬಗಳು, ಗೋಡೆ ಬರೀ ಮರೆ. ಕಂಬ ಕಿತ್ತು ಸ್ಲ್ಯಾಬನ್ನು ಗೋಡೆ ಮೇಲೆ ಇಟ್ಟರೆ, ಎಂದೂ ಭಾರ ಹೊರದ ಮಣ್ಣಿನ ಗೋಡೆಯ ತಲೆ ಮೇಲೆ ಇಡೀ ಭಾರ ಬೀಳುತ್ತದೆ. ಗೋಡೆಯೇ ಭಾರ ಹೊತ್ತಿರುವ ಮನೆಯಲ್ಲಿ ಶಟರಿಗಾಗಿ ಅದನ್ನು ಕೊಯ್ದರೂ ಇದೇ ಗತಿ.

ಯಾರ ಕೆಲಸ ಯಾವುದು? ಕೋಣೆ, ಗಾಳಿ, ಬೆಳಕು, ಮೆಟ್ಟಿಲು ಎಲ್ಲಿ ಬರಬೇಕೆಂದು ನಕ್ಷೆ ಮಾಡುವವರು ಆರ್ಕಿಟೆಕ್ಟ್. 1972ರ ಕಾಯ್ದೆಯಂತೆ ಅವರಿಗೆ ನೋಂದಣಿ ಸಂಖ್ಯೆ ಇರುತ್ತದೆ, ಕೇಳಲು ನಾಚಿಕೆ ಬೇಡ. ಗೋಡೆ, ಕಂಬ, ಪಾಯ ಭಾರ ತಡೆಯುತ್ತವೆಯೇ ಎಂದು ಲೆಕ್ಕ ಹಾಕುವವರು ಸ್ಟ್ರಕ್ಚರಲ್ ಇಂಜಿನಿಯರ್. ನಮ್ಮ ಅಭಿಪ್ರಾಯದಲ್ಲಿ, ಕೈಯಲ್ಲಿ ದುಡ್ಡು ಕಡಿಮೆ ಇದ್ದು ಒಬ್ಬರನ್ನೇ ಕರೆಸುವುದಾದರೆ ಎರಡನೆಯವರನ್ನು ಕರೆಸಿ. ಬೀದರ್, ಭಾಲ್ಕಿ, ಬಸವಕಲ್ಯಾಣದಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ಸಿವಿಲ್ ವಿಭಾಗದಲ್ಲಿ ವಿಚಾರಿಸಿದರೆ ದಾರಿ ಸಿಗುತ್ತದೆ.

ಬಂದವರಿಗೆ ಮನೆಯ ಇತಿಹಾಸ ಹೇಳುವವರು ನೀವೇ: ಯಾವಾಗ ಕಟ್ಟಿದ್ದು, ಎಲ್ಲಿ ಸೋರುತ್ತದೆ, ಯಾವ ಬಿರುಕು ಹಳೆಯದು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲಕ್ಕೆ ಉಬ್ಬುತ್ತದೆ, ಪಾಯವೂ ಅದರ ಜೊತೆ ಅಲುಗುತ್ತದೆ. ಬಿರುಕಿನ ಮೇಲೆ ಸಿಮೆಂಟಿನ ತೆಳು ಬಿಲ್ಲೆ ಹಚ್ಚಿ ತಾರೀಖು ಬರೆದಿಡಿ. ಬಿಲ್ಲೆ ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ. ಇಂಜಿನಿಯರ್ ಬಾಯಲ್ಲಿ ಹೇಳಿ ಹೋದರೆ ಸಾಲದು, ಕಬ್ಬಿಣದ ಅಳತೆ ಸಮೇತ ನಕ್ಷೆ ಬರೆದು ಸಹಿ ಹಾಕಿಕೊಡಲಿ. ಗೌಂಡಿಯನ್ನೂ ಅದೇ ಹೊತ್ತಿಗೆ ಕರೆಸಿ. ಎದುರೆದುರು ಮಾತಾಡಿದರೆ "ಅವರು ಹೇಳಿದ್ದು ಆಗಂಗಿಲ್ರಿ" ಎಂಬ ತಕರಾರು ಅಲ್ಲೇ ಮುಗಿಯುತ್ತದೆ.

ಇದೆಲ್ಲ ಗಂಡಸರ ವಿಷಯ ಎನ್ನುವವರಿಗೆ ಒಂದು ಮಾತು. ಭೂಕಂಪದ ನಂತರ ಲಾತೂರ್ ಮತ್ತು ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗಳಲ್ಲಿ ಮನೆ ರಿಪೇರಿ ಯೋಜನೆ ನಡೆದಾಗ, ಮಹಿಳಾ ಮಂಡಳದ ಹೆಂಗಸರೇ "ಸಂವಾದ ಸಹಾಯಕ"ರಾಗಿ ನಿಂತರು. ಇಂಜಿನಿಯರ್ ಹೇಳಿದ್ದನ್ನು ಮನೆಮನೆಗೆ ತಿಳಿಸಿದರು, ಮನೆಯವರ ಮಾತನ್ನು ಇಂಜಿನಿಯರಿಗೆ ಮುಟ್ಟಿಸಿದರು. ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆ ಅವರ ಜೊತೆಗಿತ್ತು. ಅವರೂ ನಿಮ್ಮ ಹಾಗೇ ಹೊಲಕ್ಕೆ ಹೋಗುವವರೇ.

ಸಂಘಗಳಿಗೆ ನಮ್ಮ ಸಲಹೆ: ಮನೆ ರಿಪೇರಿ ಸಾಲವನ್ನು ಒಂದೇ ಸಲ ಕೊಡಬೇಡಿ. ಮೊದಲ ಕಂತು ನಕ್ಷೆಗೆ, ಎರಡನೆಯದು ಕಬ್ಬಿಣ ಕಟ್ಟುವ ಹೊತ್ತಿಗೆ, ಉಳಿದದ್ದು ಆಮೇಲೆ. ಕಾಂಕ್ರೀಟ್ ಸುರಿಯುವ ಮೊದಲು ಇಂಜಿನಿಯರ್ ಒಮ್ಮೆ ಬಂದು ಕಬ್ಬಿಣ ನೋಡಲೇಬೇಕು, ಸುರಿದ ಮೇಲೆ ಯಾರಿಗೂ ಕಾಣುವುದಿಲ್ಲ. ಗೋಡೆ ಒಡೆಯುವ ದಿನ ಮಾಳಿಗೆಗೆ ಆಧಾರ ಕೊಟ್ಟಿದ್ದಾರೆಯೇ ನೋಡಿ, ಮಕ್ಕಳನ್ನೂ ಮುದುಕರನ್ನೂ ಬೇರೆ ಮನೆಯಲ್ಲಿ ಮಲಗಿಸಿ. ಮೃಗಶಿರ ಮಳೆ ಹಿಡಿಯುವ ಮುಂಚೆ ಕೆಲಸ ಮುಗಿಯುವಂತಿಲ್ಲದಿದ್ದರೆ ದೀಪಾವಳಿ ಕಳೆದ ಮೇಲೆ ಶುರು ಮಾಡಿ.